ಲ್ಯಾಪ್‌ಟಾಪ್ ಎಸೆಯಬೇಡಿ, ಮೊದಲು ಡಿಸ್ಕ್ ಬದಲಿಸಿ ನೋಡಿ

ಮೇ ತಿಂಗಳು ಬಂತೆಂದರೆ ನನಗೆ ಫೋನು ಶುರುವಾಗುತ್ತದೆ. "ಮಗಳದ್ದು ಸೆಕೆಂಡ್ ಪಿಯುಸಿ ಆಯ್ತು, ಇಂಜಿನಿಯರಿಂಗ್ ಸೇರುತ್ತಾಳೆ, ಯಾವ ಲ್ಯಾಪ್‌ಟಾಪ್ ತಗೊಳ್ಳಲಿ?" ಅಂತ ಒಬ್ಬರು. "ಮನೆ ಕಂಪ್ಯೂಟರ್ ತುಂಬಾ ಸ್ಲೋ ಆಗಿದೆ, ಎಕ್ಸ್‌ಚೇಂಜಿಗೆ ಕೊಟ್ಟುಬಿಡಲಾ?" ಅಂತ ಇನ್ನೊಬ್ಬರು. ಎಲ್ಲರಿಗೂ ಅರ್ಧರ್ಧ ಗಂಟೆ ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು. ಈ ಸಲ ಬರೆದೇ ಇಡೋಣ ಅನ್ನಿಸಿತು. ನಾನು ಅಂಗಡಿ ಇಟ್ಟವನಲ್ಲ, ಯಾವ ಕಂಪನಿಯಿಂದಲೂ ದುಡ್ಡು ತಗೊಂಡಿಲ್ಲ. ಬೆಂಗಳೂರಿನ ನಮ್ಮ ಬಾಡಿಗೆ ಮನೆಯಲ್ಲಿ, ಸಾಗರದ ಹತ್ತಿರ ಅಪ್ಪ ಅಮ್ಮ ಇರುವ ಮನೆಯಲ್ಲಿ ವರ್ಷಗಟ್ಟಲೆ ಬಳಸಿ ನೋಡಿದ್ದನ್ನು ಮಾತ್ರ ಹೇಳುತ್ತೇನೆ.

ಅಪ್ಪನ ಲ್ಯಾಪ್‌ಟಾಪಿನಿಂದ ಶುರು ಮಾಡುತ್ತೇನೆ. 2014ರಲ್ಲಿ ಕೊಂಡಿದ್ದು. ಇಂಟೆಲ್ ನಾಲ್ಕನೇ ಜನರೇಶನ್ ಐ3, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಅಪ್ಪನಿಗೆ ಅದರಲ್ಲಿ ಆಗಬೇಕಾದ ಕೆಲಸ ಜಾಸ್ತಿ ಏನಿಲ್ಲ: ಅಡಿಕೆ ಕೊಯ್ಲಿನ ಕೂಲಿ ಲೆಕ್ಕ, ಧಾರಣೆ ನೋಡುವುದು, ಪಹಣಿ ತೆಗೆಯುವುದು, ರಾತ್ರಿ ಊಟ ಆದ ಮೇಲೆ ಯೂಟ್ಯೂಬಿನಲ್ಲಿ ಯಕ್ಷಗಾನ. ಆದರೆ ಬಟನ್ ಒತ್ತಿದ ಮೇಲೆ ಐದು ನಿಮಿಷ ಕಾಯಬೇಕಿತ್ತು. ಅಪ್ಪ ಬಟನ್ ಒತ್ತಿ, ಕೊಟ್ಟಿಗೆಗೆ ಹೋಗಿ ದನಕ್ಕೆ ಹುಲ್ಲು ಹಾಕಿ, ಕೈ ತೊಳೆದುಕೊಂಡು ಬಂದು ಕೂರುತ್ತಿದ್ದರು. ಒಂದು ದಿನ "ಇದರ ಕಥೆ ಮುಗೀತು ಮಾರಾಯ, ಹೊಸದೇ ಆಗಬೇಕು" ಅಂದರು.

ಕಥೆ ಮುಗಿದಿರಲಿಲ್ಲ. ತೊಂದರೆ ಇದ್ದದ್ದು ಹಾರ್ಡ್ ಡಿಸ್ಕಿನಲ್ಲಿ. ಹಳೆ ಲ್ಯಾಪ್‌ಟಾಪುಗಳ ಹಾರ್ಡ್ ಡಿಸ್ಕ್ ಒಳಗೆ ಒಂದು ತಟ್ಟೆ ನಿಮಿಷಕ್ಕೆ 5400 ಸುತ್ತು ತಿರುಗುತ್ತಿರುತ್ತದೆ, ಅದರ ಮೇಲೆ ಒಂದು ಕೈ ಆ ಕಡೆ ಈ ಕಡೆ ಓಡಾಡಿ ಓದುತ್ತದೆ. ಒಂದು ಜಾಗದಿಂದ ಇನ್ನೊಂದು ಜಾಗ ಹುಡುಕಲು ಹತ್ತು ಹದಿನೈದು ಮಿಲಿಸೆಕೆಂಡ್ ಬೇಕು. ಕೇಳಿದರೆ ಕಡಿಮೆ ಅನ್ನಿಸುತ್ತದೆ ಅಲ್ವಾ? ಆದರೆ ಕಂಪ್ಯೂಟರ್ ಶುರುವಾಗುವಾಗ ಎಲ್ಲೆಲ್ಲೋ ಚದುರಿದ ಸಾವಿರಾರು ಸಣ್ಣ ಸಣ್ಣ ಫೈಲು ಓದಬೇಕು, ಪ್ರತಿಯೊಂದಕ್ಕೂ ಆ ಕೈ ಓಡಬೇಕು, ಅಷ್ಟು ಹೊತ್ತೂ ಪ್ರೊಸೆಸರ್ ಸುಮ್ನೆ ಕಾಯುತ್ತಾ ಕೂತಿರುತ್ತದೆ. ಎಲ್ಲವನ್ನೂ ಚಿಪ್ಪಿನಲ್ಲೇ ಉಳಿಸಿಡುವ ಹೊಸ ಥರದ ಡಿಸ್ಕ್, ಅಂದರೆ ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೂ ಇಲ್ಲ, ಓಡುವ ಕೈಯೂ ಇಲ್ಲ. ಹುಡುಕುವ ಹೊತ್ತು ನೂರು ಪಟ್ಟು ಕಡಿಮೆ.

ಹಾಗಾಗಿ ಬೆಂಗಳೂರಿನ ಎಸ್‌ಪಿ ರೋಡಿನಿಂದ ಹಳೆ ಹಾರ್ಡ್ ಡಿಸ್ಕಿನ ಜಾಗದಲ್ಲೇ ಕೂರುವ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಒಂದು, 240 ಜಿಬಿಯದ್ದು, ಜೊತೆಗೆ 8 ಜಿಬಿ ರ‍್ಯಾಮ್ ತಗೊಂಡು ಊರಿಗೆ ಹೋದೆ. ಇಲ್ಲಿ ಒಂದು ಎಚ್ಚರಿಕೆ. ನಾಲ್ಕನೇ ಜನರೇಶನ್ ಲ್ಯಾಪ್‌ಟಾಪಿಗೆ ಡಿಡಿಆರ್3ಎಲ್ ರ‍್ಯಾಮೇ ಬೇಕು, ಅದು 1.35 ವೋಲ್ಟಿನದ್ದು. ಬರೀ ಡಿಡಿಆರ್3 ಅಂದರೆ 1.5 ವೋಲ್ಟಿನದ್ದು, ನೋಡಲು ಎರಡೂ ಒಂದೇ ಥರ ಇರುತ್ತವೆ. ಅಂಗಡಿಯಲ್ಲಿ ಕೊನೆಯ 'ಎಲ್' ಅಕ್ಷರ ಕೇಳಿ ತಗೊಳ್ಳಿ, ಇಲ್ಲವೇ ಹಳೆ ರ‍್ಯಾಮ್ ಬಿಚ್ಚಿಕೊಂಡೇ ಹೋಗಿ ತೋರಿಸಿ. ಆಮೇಲೆ ಬೇಕಾಗಿದ್ದು ಒಂದು ಸ್ಟಾರ್ ಸ್ಕ್ರೂಡ್ರೈವರ್, ಅರ್ಧ ಗಂಟೆ ಸಮಯ. ಬ್ಯಾಟರಿ ಮೊದಲು ತೆಗೆಯಬೇಕು, ಬಿಚ್ಚಿದ ಸ್ಕ್ರೂಗಳನ್ನು ಯಾವ ಜಾಗದ್ದು ಅಂತ ಕಾಗದದ ಮೇಲೆ ಚಿತ್ರ ಬರೆದು ಅಲ್ಲೇ ಇಡಬೇಕು, ಯಾಕೆಂದರೆ ಉದ್ದ ಗಿಡ್ಡ ಇರುತ್ತವೆ. ಕೆಲಸ ಮುಗಿದ ಮೇಲೆ ಬಟನ್ ಒತ್ತಿದರೆ ಅರ್ಧ ನಿಮಿಷದ ಒಳಗೆ ಲ್ಯಾಪ್‌ಟಾಪ್ ತಯಾರು. ಅಪ್ಪ ಏನೂ ಹೇಳಲಿಲ್ಲ. ಆಫ್ ಮಾಡಿ ಮತ್ತೊಂದು ಸಲ ಆನ್ ಮಾಡಿ ನೋಡಿದರು.

ಹಳೆ ಹಾರ್ಡ್ ಡಿಸ್ಕನ್ನೂ ಎಸೆಯಬೇಡಿ. ಅದಕ್ಕೊಂದು ಯುಎಸ್‌ಬಿ ಕೇಸ್ ಸಿಗುತ್ತದೆ, ಹಾಕಿಟ್ಟರೆ ಹಳೆ ಫೈಲುಗಳೆಲ್ಲ ಅದರಲ್ಲೇ ಇರುತ್ತವೆ. ನಿಮ್ಮದು 2018ರ ಈಚೆಗಿನ ಲ್ಯಾಪ್‌ಟಾಪ್ ಆದರೆ ಒಳಗೆ ಪಟ್ಟಿಯಂಥ ಎಸ್‌ಎಸ್‌ಡಿ ಕೂರಿಸುವ ಎಂ.2 ಸ್ಲಾಟ್ ಇರಬಹುದು. ಅದರಲ್ಲಿ ಸಾಟಾ, ಎನ್‌ವಿಎಂಇ ಅಂತ ಎರಡು ಜಾತಿ, ಒಂದರ ಜಾಗದಲ್ಲಿ ಇನ್ನೊಂದು ಕೆಲಸ ಮಾಡದೆ ಹೋಗಬಹುದು. ಮಾಡೆಲ್ ನಂಬರ್ ಹಾಕಿ ಹುಡುಕಿ, ಖಚಿತ ಮಾಡಿಕೊಂಡು ಕೊಳ್ಳಿ. ರ‍್ಯಾಮ್ ವಿಷಯದಲ್ಲಿ ಒಂದು ಬೇಸರದ ಸಂಗತಿ ಇದೆ. ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳುತ್ತಿರುವುದರಿಂದ 2025ರ ಕೊನೆಯಿಂದ ಬೆಲೆ ಬಹಳ ಏರಿತು. ಎರಡರಲ್ಲಿ ಒಂದಕ್ಕೆ ಮಾತ್ರ ದುಡ್ಡಿದೆ ಅಂದರೆ ಎಸ್‌ಎಸ್‌ಡಿ ಮೊದಲು, ರ‍್ಯಾಮ್ ಆಮೇಲೆ.

ಇನ್ನು ಅದರೊಳಗೆ ಯಾವ ಸಾಫ್ಟ್‌ವೇರ್ ಹಾಕುವುದು ಅನ್ನುವ ಪ್ರಶ್ನೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿತು. ಹೆಸರು ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ ಇನ್ನೊಂದು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಕೊಡುತ್ತೇವೆ ಅಂದಿತು, ಅಷ್ಟೇ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಸೆಕ್ಯುರಿಟಿ ಚಿಪ್ ಬೇಕು, ಇಂಟೆಲ್ ಆದರೆ ಎಂಟನೇ ಜನರೇಶನ್ ಅಥವಾ ಅದಕ್ಕಿಂತ ಹೊಸದು ಬೇಕು. ಹಾಗಾಗಿ ಅಪ್ಪನದ್ದರಂಥ ಲಕ್ಷಾಂತರ ಕಂಪ್ಯೂಟರುಗಳು, ಒಳಗೆ ಏನೂ ಕೆಡದೆ ಚೆನ್ನಾಗೇ ಇರುವವು, ಹೊರಗೆ ನಿಂತವು. ನನಗೆ ಇದು ನಿಜಕ್ಕೂ ಸಂಕಟದ ವಿಷಯ. ಗುಜರಿಗೆ ಹೋಗುವ ವಯಸ್ಸು ಅವಕ್ಕೆ ಆಗಿಲ್ಲ.

ನಾನು ಹಾಕಿದ್ದು ಲಿನಕ್ಸ್ ಮಿಂಟ್, ವಿಂಡೋಸಿನ ಬದಲಿಗೆ ಕಂಪ್ಯೂಟರ್ ನಡೆಸುವ ತಂತ್ರಾಂಶ. ಮಿಂಟ್ 22 ಬಂದಿದ್ದು 2024ರಲ್ಲಿ, 2029ರವರೆಗೆ ಅಪ್‌ಡೇಟ್ ಬರುತ್ತದೆ, ದುಡ್ಡು ಕೊಡುವ ಹಾಗಿಲ್ಲ. ಅದರಲ್ಲಿ ಸಿನಮನ್ ಅನ್ನುವ ರೂಪ ವಿಂಡೋಸ್ ಬಳಸಿದವರಿಗೆ ಥಟ್ಟನೆ ಕೈಗೆ ಹತ್ತುತ್ತದೆ, ಕೆಳಗೆ ಎಡಗಡೆ ಮೆನು, ಬಲಗಡೆ ಗಡಿಯಾರ, ಎಲ್ಲ ಅದೇ ಜಾಗದಲ್ಲಿ. 4 ಜಿಬಿ ರ‍್ಯಾಮ್ ಮಾತ್ರ ಇದ್ದರೆ ಎಕ್ಸ್‌ಎಫ್‌ಸಿಇ ರೂಪ ಹಾಕಿ, ಹಗುರ. ಒಂದು 8 ಜಿಬಿ ಪೆನ್‌ಡ್ರೈವಿಗೆ ವೆಂಟಾಯ್ ಅಥವಾ ರೂಫಸ್ ಎಂಬ ತಂತ್ರಾಂಶದಿಂದ ಮಿಂಟ್ ಹಾಕಿ, ಅದರಿಂದಲೇ ಕಂಪ್ಯೂಟರ್ ಶುರು ಮಾಡಿ ನೋಡಬಹುದು. ಡಿಸ್ಕಿನಲ್ಲಿ ಇರುವುದಕ್ಕೆ ಏನೂ ಆಗುವುದಿಲ್ಲ. ವೈಫೈ ಹತ್ತುತ್ತದಾ, ಸೌಂಡ್ ಬರುತ್ತದಾ, ಪ್ರಿಂಟರ್ ಕಾಣುತ್ತದಾ ಅಂತ ಅಲ್ಲೇ ಗೊತ್ತಾಗುತ್ತದೆ. ಎಲ್ಲ ಸರಿ ಅನ್ನಿಸಿದ ಮೇಲೆ ಇನ್‌ಸ್ಟಾಲ್ ಮಾಡಿ.

ಆದರೆ ಎಲ್ಲರಿಗೂ ಲಿನಕ್ಸ್ ಹಾಕಿ ಅಂತ ನಾನು ಹೇಳುವುದಿಲ್ಲ. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರು, ಆಟೋಕ್ಯಾಡ್ ಬೇಕಾದವರು, ಮ್ಯಾಕ್ರೋ ತುಂಬಿದ ಎಕ್ಸೆಲ್ ಫೈಲು ಆಫೀಸಿನಿಂದ ಬರುವವರು ವಿಂಡೋಸಿನಲ್ಲೇ ಇರಿ. ಡಿಜಿಟಲ್ ಸಿಗ್ನೇಚರ್ ಟೋಕನ್ ಬಳಸುವವರು ಮೊದಲು ವಿಚಾರಿಸಿ. ಅಪ್ಪನ ಕೂಲಿ ಲೆಕ್ಕಕ್ಕೆ, ಎಕ್ಸೆಲಿನಂಥ ಕೆಲಸವನ್ನೂ ಮಾಡುವ ಲಿಬ್ರೆ ಆಫೀಸ್ ಧಾರಾಳ ಸಾಕು. ಬೇರೆಯವರಿಗೆ ಕಳಿಸುವಾಗ ಎಕ್ಸೆಲ್ ರೂಪದಲ್ಲೇ ಸೇವ್ ಮಾಡುವ ಹಾಗೆ ಸೆಟ್ಟಿಂಗ್ ಬದಲಿಸಿಕೊಟ್ಟಿದ್ದೇನೆ, ಆಮೇಲೆ ಯಾರಿಂದಲೂ "ಫೈಲ್ ಓಪನ್ ಆಗ್ತಿಲ್ಲ" ಅಂತ ಫೋನ್ ಬಂದಿಲ್ಲ.

ಹೊಸದನ್ನೇ ಕೊಳ್ಳಬೇಕು ಅನ್ನುವವರಿಗೆ ಚುಟುಕಾಗಿ ಹೇಳುತ್ತೇನೆ. ಇಂಜಿನಿಯರಿಂಗ್ ಸೇರುವ ಮಕ್ಕಳಿಗೆ ಕಾಲೇಜು ಶುರುವಾಗಿ ಒಂದೆರಡು ತಿಂಗಳು ಕಳೆಯಲಿ. ಯಾವ ಬ್ರ್ಯಾಂಚು, ಗ್ರಾಫಿಕ್ಸ್ ಕಾರ್ಡ್ ಬೇಕಾ ಬೇಡವಾ ಅಂತ ಸೀನಿಯರುಗಳನ್ನು ಕೇಳಿ ಆಮೇಲೆ ತಗೊಂಡರೆ ದುಡ್ಡು ಸರಿಯಾದ ಕಡೆ ಹೋಗುತ್ತದೆ. 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ ಇರಲಿ. ರ‍್ಯಾಮ್ ಬೋರ್ಡಿಗೇ ಬೆಸೆದಿದ್ದಾರಾ ಅಂತ ಕೇಳಿ, ಬೆಸೆದಿದ್ದರೆ ಮುಂದೆ ಹೆಚ್ಚಿಸಲು ಆಗುವುದಿಲ್ಲ. ಮನೆಗೆ ಮಾತ್ರ ಬೇಕು ಅನ್ನುವವರಿಗೆ ನನ್ನ ಆಯ್ಕೆ ಕಂಪನಿಗಳು ಬಳಸಿ ಬಿಟ್ಟ ಬಿಸಿನೆಸ್ ಲ್ಯಾಪ್‌ಟಾಪ್. ಈ ಪೋಸ್ಟನ್ನು ನಾನು ಟೈಪ್ ಮಾಡುತ್ತಿರುವುದು ಥಿಂಕ್‌ಪ್ಯಾಡ್ ಟಿ480ರಲ್ಲಿ. 2018ರ ಮಾಡೆಲ್. ಎಂಟನೇ ಜನರೇಶನ್ ಆದ್ದರಿಂದ ವಿಂಡೋಸ್ 11 ಕೂಡ ಒಪ್ಪಿಕೊಳ್ಳುತ್ತದೆ, ರ‍್ಯಾಮಿಗೆ ಎರಡು ಸ್ಲಾಟು, ಬ್ಯಾಟರಿ ಎರಡು, ಹಿಂದಿನದನ್ನು ಲ್ಯಾಪ್‌ಟಾಪ್ ಆನ್ ಇರುವಾಗಲೇ ಬದಲಿಸಬಹುದು. ಕೀಬೋರ್ಡಿನ ಸುಖ ಬೇರೆಯೇ. ಇಂಥದ್ದನ್ನು ಕೊಳ್ಳುವಾಗ ಅಂಗಡಿಯಲ್ಲೇ ಕೂತು ಮೂರು ಪರೀಕ್ಷೆ ಮಾಡಿ. ಕ್ರಿಸ್ಟಲ್ ಡಿಸ್ಕ್ ಇನ್ಫೋದಲ್ಲಿ ಡಿಸ್ಕಿನ ಆರೋಗ್ಯ ನೋಡಿ. ವಿಂಡೋಸಿನ ಬ್ಯಾಟರಿ ರಿಪೋರ್ಟ್ ತೆಗೆಸಿ, ಹುಟ್ಟಿದಾಗಿನ ಸಾಮರ್ಥ್ಯ ಎಷ್ಟು, ಈಗ ಎಷ್ಟು ಉಳಿದಿದೆ ಅಂತ ಅದರಲ್ಲೇ ಇರುತ್ತದೆ. ಬಯೋಸ್, ಅಂದರೆ ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್ ಪುಟ ತೆರೆದು ಪಾಸ್‌ವರ್ಡ್ ಕೇಳುತ್ತದಾ ನೋಡಿ, ಕೇಳಿದರೆ ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ.

ಈಗ ನನಗೆ ಅತ್ಯಂತ ಪ್ರೀತಿಯ ವಿಷಯ. ಕನ್ನಡ ಟೈಪಿಂಗ್.

ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ, ಐವತ್ತು ಅರವತ್ತು ಸಾವಿರದ ಲ್ಯಾಪ್‌ಟಾಪ್ ಇರುತ್ತದೆ, ಅದರಲ್ಲಿ ಒಂದು ಸಾಲು ಕನ್ನಡ ಬರೆಯುವ ಏರ್ಪಾಡು ಇರುವುದಿಲ್ಲ. ಮನೆಯವರೆಲ್ಲ ಮಾತಾಡುವುದು ಕನ್ನಡ, ಬರೆಯುವುದು ಇಂಗ್ಲಿಷ್ ಅಕ್ಷರದಲ್ಲಿ. ಇದಕ್ಕೆ ಐದು ನಿಮಿಷದ ಕೆಲಸ ಸಾಕು. ಮಿಂಟಿನಲ್ಲಿ ಕೀಬೋರ್ಡ್ ಸೆಟ್ಟಿಂಗಿಗೆ ಹೋಗಿ ಲೇಔಟ್ ಸೇರಿಸಿ ಅಂದರೆ ಪಟ್ಟಿಯಲ್ಲಿ ಕನ್ನಡ ಕಗಪ ಅಂತ ಇರುತ್ತದೆ. ಅದು ಕೆ.ಪಿ. ರಾವ್ ರೂಪಿಸಿದ ವಿನ್ಯಾಸ, ನುಡಿ ತಂತ್ರಾಂಶದಲ್ಲಿ ಇರುವುದೂ ಅದೇ. ವಿಂಡೋಸ್ ಆದರೆ ಕನ್ನಡ ಗಣಕ ಪರಿಷತ್ತಿನ ನುಡಿಯನ್ನೇ ಹಾಕಿಕೊಳ್ಳಬಹುದು. ಬೇಡ ಅಂದರೆ ವಿಂಡೋಸಿನಲ್ಲೇ ಭಾರತೀಯ ಭಾಷೆಗಳಿಗೆಲ್ಲ ಒಂದೇ ಥರ ಕೀ ಜೋಡಿಸಿದ ಇನ್‌ಸ್ಕ್ರಿಪ್ಟ್ ಇದೆ, 2019ರ ಅಪ್‌ಡೇಟಿನಿಂದ ಈಚೆಗೆ ಉಚ್ಚಾರದಂತೆ ಇಂಗ್ಲಿಷ್ ಅಕ್ಷರ ಒತ್ತಿ ಬರೆಯುವ ಫೊನೆಟಿಕ್ ಕೂಡ ಇದೆ.

ನನ್ನ ಆಯ್ಕೆ ಕಗಪ, ಕಾರಣ ಹೇಳುತ್ತೇನೆ. ಇದರಲ್ಲಿ ಕೆ ಒತ್ತಿದರೆ ಕ, ಎನ್ ಒತ್ತಿದರೆ ನ, ಅ ಸ್ವರ ಒಳಗೇ ಇದೆ. ಒತ್ತಕ್ಷರ ಬೇಕಾದರೆ ನಡುವೆ ಎಫ್. 'ಕನ್ನಡ' ಅಂತ ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ: ಐದೇ ಒತ್ತು. ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ ಬರೆದು ಕನ್ನಡಕ್ಕೆ ತಿರುಗಿಸುವ ವಿಧಾನದಲ್ಲಿ ಏಳು ಬೇಕು. ಎರಡು ಒತ್ತಿನ ಉಳಿತಾಯ ದೊಡ್ಡದಲ್ಲ ಅನ್ನಿಸಬಹುದು, ಆದರೆ ಒಂದು ಪುಟ ಬರೆದು ನೋಡಿ, ಬೆರಳಿಗೆ ಗೊತ್ತಾಗುತ್ತದೆ. ಅದಕ್ಕಿಂತ ಮುಖ್ಯ, ತಲೆ ಕನ್ನಡದಲ್ಲೇ ಇರುತ್ತದೆ. ಇಂಗ್ಲಿಷ್ ಸ್ಪೆಲ್ಲಿಂಗ್ ಯೋಚಿಸಿ ಕನ್ನಡ ಬರೆಯುವಾಗ ಮನಸ್ಸಿನಲ್ಲಿ ಒಂದು ಮೆಟ್ಟಿಲು ಜಾಸ್ತಿ ಹತ್ತಿದ ಹಾಗೆ. ಟ ಮತ್ತು ಡ ಮಾತ್ರ ಕ್ಯೂ ಮತ್ತು ಡಬ್ಲ್ಯೂ ಮೇಲೆ ಇವೆ, ಅದೊಂದು ನಾಲ್ಕು ದಿನ ಕಾಡುತ್ತದೆ, ಆಮೇಲೆ ಕೈ ತಾನೇ ಹೋಗುತ್ತದೆ.

ಅಮ್ಮನ ಹತ್ತಿರ ಹಳೆಯ ಫೈಲೊಂದಿತ್ತು. ಮದುವೆಯಲ್ಲಿ, ಹಬ್ಬದಲ್ಲಿ ಹೇಳುವ ಸಂಪ್ರದಾಯದ ಹಾಡುಗಳು, ನೂರಕ್ಕಿಂತ ಜಾಸ್ತಿ, ಅಜ್ಜಿ ಹೇಳಿದ್ದನ್ನು ಅಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಪೇಟೆಯಲ್ಲಿ ಡಿಟಿಪಿ ಮಾಡಿಸಿ ಇಟ್ಟಿದ್ದರು. ನೋಟ್‌ಬುಕ್ ಗೆದ್ದಲು ಹಿಡಿದು ಹೋಗಿತ್ತು. ಮಿಂಟಿನಲ್ಲಿ ಆ ಫೈಲ್ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳು, ತಲೆಬುಡ ಇಲ್ಲ. ಅಮ್ಮ ಗಾಬರಿಯಾದರು. ನಿಜ ಏನೆಂದರೆ ಹಾಡು ಎಲ್ಲೂ ಹೋಗಿರಲಿಲ್ಲ. ಹಿಂದೆ ಡಿಟಿಪಿ ಸೆಂಟರುಗಳಲ್ಲಿ ಬಳಸುತ್ತಿದ್ದ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕೆಳಗಿನ ಇಂಗ್ಲಿಷ್ ಅಕ್ಷರವೇ ಕಾಣುತ್ತದೆ. ಎಲ್ಲ ಭಾಷೆಯ ಅಕ್ಷರಕ್ಕೂ ಬೇರೆ ಬೇರೆ ಸಂಖ್ಯೆ ಕೊಡುವ ಯುನಿಕೋಡ್ ಪದ್ಧತಿಯಲ್ಲಿ ಹಾಗಲ್ಲ, ಕ ಅನ್ನುವುದಕ್ಕೆ ಅದರದ್ದೇ ಸಂಖ್ಯೆ ಇದೆ. 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಅದರಲ್ಲಿ ಜಾಗ ಇದೆ. ಈಗ ಹಳೆ ಫೈಲನ್ನು ಯುನಿಕೋಡಿಗೆ ತಿರುಗಿಸುವ ಸೌಲಭ್ಯ ನುಡಿಯಲ್ಲೂ ಇದೆ, ಕನ್ನಡದ ಉತ್ಸಾಹಿಗಳು ಮಾಡಿಟ್ಟ ಆನ್‌ಲೈನ್ ಪರಿವರ್ತಕಗಳೂ ಇವೆ. ಒಂದು ಸಂಜೆ ಕೂತು ತಿರುಗಿಸಿದೆ. ಅರ್ಕಾವತ್ತು ಕೆಲವು ಕಡೆ ಜಾಗ ಬದಲಾಗಿತ್ತು, ಒತ್ತಕ್ಷರ ಅಲ್ಲಲ್ಲಿ ಬಿಟ್ಟಿತ್ತು, ಅಮ್ಮ ಪಕ್ಕ ಕೂತು ಒಂದೊಂದೇ ಹಾಡು ಹೇಳುತ್ತಾ ತಿದ್ದಿಸಿದರು. ನಿಮ್ಮ ಮನೆಯಲ್ಲೂ ಇಂಥ ಹಳೆ ಫೈಲು ಇದ್ದರೆ, ವಂಶಾವಳಿ, ಅಜ್ಜನ ಲೇಖನ, ಸಂಘದ ನಡಾವಳಿ ಏನೇ ಇರಲಿ, ದಯವಿಟ್ಟು ಈ ವರ್ಷವೇ ಯುನಿಕೋಡಿಗೆ ತಿರುಗಿಸಿಡಿ. ಆ ಫಾಂಟು ಗುರುತಿಸುವ ಜನ ಕಡಿಮೆಯಾಗುತ್ತಾ ಇದ್ದಾರೆ.

ಕಾಗದದಲ್ಲೇ ಇರುವುದಾದರೆ ಇನ್ನೊಂದು ದಾರಿ. ಮೊಬೈಲಿನಲ್ಲಿ ಚೆನ್ನಾಗಿ ಬೆಳಕಿರುವಾಗ ಫೋಟೋ ತೆಗೆದು ಗೂಗಲ್ ಡ್ರೈವಿಗೆ ಹಾಕಿ, ಕಂಪ್ಯೂಟರಿನಲ್ಲಿ ಆ ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿ ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ. ಅಚ್ಚಾದ ಕನ್ನಡವನ್ನು ಬಹಳ ಚೆನ್ನಾಗಿ ಓದಿ ಅಕ್ಷರ ಮಾಡಿಕೊಡುತ್ತದೆ. ಕೈಬರಹಕ್ಕೆ ಅಷ್ಟು ನೆಚ್ಚಿಕೊಳ್ಳಬೇಡಿ. ಅದಕ್ಕೆ ಅಮ್ಮ ಮಾಡುವುದೇ ಒಳ್ಳೆಯದು: ಮೊಬೈಲಿನ ಜಿಬೋರ್ಡ್ ಮೈಕ್ ಒತ್ತಿ ಓದಿ ಹೇಳುತ್ತಾರೆ, ಅದು ಬರೆದುಕೊಳ್ಳುತ್ತದೆ, ಆಮೇಲೆ ನಾನು ತಿದ್ದುತ್ತೇನೆ. ಪದದ ಅರ್ಥಕ್ಕೆ ಅಲರ್ ನಿಘಂಟು ಬಳಸಿ. ವಿ. ಕೃಷ್ಣ ಎಂಬ ಒಬ್ಬರೇ ದಶಕಗಟ್ಟಲೆ ಕೂತು ಮಾಡಿದ ಕನ್ನಡ ಇಂಗ್ಲಿಷ್ ನಿಘಂಟು ಅದು, ಒಂದೂವರೆ ಲಕ್ಷದಷ್ಟು ಪದಗಳಿವೆ, ಯಾರು ಬೇಕಾದರೂ ಬಳಸಲು ಮುಕ್ತವಾಗಿ ಬಿಟ್ಟಿದ್ದಾರೆ. ನಾನು ದಿನಕ್ಕೆ ಒಂದು ಸಲವಾದರೂ ತೆರೆಯುತ್ತೇನೆ. ಪ್ರಿಂಟಿಗೆ ನೋಟೋ ಸೆರಿಫ್ ಕನ್ನಡ ಅಥವಾ ತಿರೋ ಕನ್ನಡ ಫಾಂಟ್ ಹಾಕಿ ನೋಡಿ, ಗೂಗಲ್ ಫಾಂಟ್ಸಿನಲ್ಲಿ ಎರಡೂ ಉಚಿತ. ಅಮ್ಮನ ಹಾಡಿನ ಪುಸ್ತಕ ತಿರೋದಲ್ಲಿ ಮಾಡಿದೆ, ಓದಲು ಕಣ್ಣಿಗೆ ಹಿತ.

ಬ್ರೌಸರ್ ನನ್ನದು ಫೈರ್‌ಫಾಕ್ಸ್, ಜೊತೆಗೆ ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್. ಕ್ರೋಮಿನಲ್ಲಿ ಈಗ ಅದರ ಪೂರ್ತಿ ರೂಪ ನಡೆಯುವುದಿಲ್ಲ, ಹಗುರಾದ ಲೈಟ್ ರೂಪ ಮಾತ್ರ. ವಯಸ್ಸಾದವರ ಕಂಪ್ಯೂಟರಿಗೆ ಇದನ್ನು ಹಾಕುವುದು ಚಂದಕ್ಕಲ್ಲ, ರಕ್ಷಣೆಗೆ. ಹಸಿರು ಬಣ್ಣದ ಸುಳ್ಳು ಡೌನ್‌ಲೋಡ್ ಬಟನ್ನುಗಳು ಇದರಿಂದ ಮಾಯವಾಗುತ್ತವೆ. ಇನ್ನೊಂದು ಕೆಲಸ ಮರೆಯದೆ ಮಾಡಿ. ಒಂದು ಸಲ ಅಪ್ಪನ ಪರದೆಯ ಮೂಲೆಯಲ್ಲಿ "ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ" ಅಂತ ಪದೇ ಪದೇ ಬರುತ್ತಿತ್ತು. ವೈರಸ್ ಇರಲಿಲ್ಲ. ಯಾವುದೋ ಸುದ್ದಿ ಸೈಟು ನೋಟಿಫಿಕೇಶನ್ ಕಳಿಸಲಾ ಅಂತ ಕೇಳಿದಾಗ ಅಪ್ಪ ಅಲೋ ಒತ್ತಿದ್ದರು, ಅಷ್ಟೇ. ಫೈರ್‌ಫಾಕ್ಸಿನ ಸೆಟ್ಟಿಂಗಿನಲ್ಲಿ ಪ್ರೈವಸಿ ವಿಭಾಗಕ್ಕೆ ಹೋಗಿ, ನೋಟಿಫಿಕೇಶನ್ ಮುಂದೆ ಇರುವ ಪಟ್ಟಿ ತೆರೆದು ಎಲ್ಲ ಅಳಿಸಿ, ಹೊಸದಾಗಿ ಯಾರೂ ಕೇಳದ ಹಾಗೆ ಟಿಕ್ ಹಾಕಿ. ಊರಿಗೆ ಹೋದಾಗ ಅಕ್ಕಪಕ್ಕದ ನಾಲ್ಕು ಮನೆಗೂ ಹೋಗಿ ಇದೊಂದನ್ನು ಮಾಡಿ ಬಂದಿದ್ದೇನೆ.

ಪಾಸ್‌ವರ್ಡುಗಳನ್ನೆಲ್ಲ ಒಂದೇ ಕಡೆ ಭದ್ರವಾಗಿ ಇಡಲು ನಾನು ಬಿಟ್‌ವಾರ್ಡನ್ ಎಂಬ ತಂತ್ರಾಂಶ ಬಳಸುತ್ತೇನೆ, ಉಚಿತ ಖಾತೆಯೇ ಸಾಕು. ಅಪ್ಪನಿಗೆ ಅದನ್ನು ಕಲಿಸಲು ಹೋಗಲಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಬರೆದು ಬೀರುವಿನಲ್ಲಿ ಇಟ್ಟಿದ್ದಾರೆ. ಮನೆಯೊಳಗಿನ ಕಾಗದವನ್ನು ಇಂಟರ್‌ನೆಟ್ಟಿನ ಕಳ್ಳ ಓದಲಾರ, ಎಲ್ಲ ಕಡೆ ಒಂದೇ ಪಾಸ್‌ವರ್ಡ್ ಇಡುವುದಕ್ಕಿಂತ ಇದು ಎಷ್ಟೋ ಮೇಲು.

ಅರ್ಜಿ ತುಂಬುವ ಮಕ್ಕಳಿರುವ ಮನೆಗೆ ಒಂದು ಸೈಟು ಹೇಳಲೇಬೇಕು. ಫೋಟೋ 50 ಕೆಬಿ ಒಳಗಿರಲಿ, ಸಹಿ 20 ಕೆಬಿ ಒಳಗಿರಲಿ ಅಂತ ಎಲ್ಲ ಪರೀಕ್ಷೆಯ ಅರ್ಜಿಯಲ್ಲೂ ಕೇಳುತ್ತಾರೆ ಅಲ್ವಾ, ಅದಕ್ಕೆ ಸ್ಕ್ವೂಶ್ ಅಂತ ಗೂಗಲ್‌ನವರದ್ದು ಇದೆ. ಚಿತ್ರ ಎಳೆದು ಹಾಕಿ, ಗುಣಮಟ್ಟದ ಪಟ್ಟಿ ಸರಿಸಿದರೆ ಕೆಬಿ ಎಷ್ಟಾಯಿತು ಅಂತ ಅಲ್ಲೇ ಕಾಣುತ್ತದೆ. ಮೊದಲು ಉದ್ದ ಅಗಲ ಕಡಿಮೆ ಮಾಡಿ, ಆಮೇಲೆ ಗುಣಮಟ್ಟ ಇಳಿಸಿ, ಇಲ್ಲದಿದ್ದರೆ ಮುಖ ಮಸುಕಾಗುತ್ತದೆ. ನನಗೆ ಇದು ಇಷ್ಟವಾಗಲು ಕಾರಣ, ಚಿತ್ರ ನಿಮ್ಮ ಕಂಪ್ಯೂಟರ್ ಬಿಟ್ಟು ಹೊರಗೆ ಹೋಗುವುದಿಲ್ಲ, ಕೆಲಸವೆಲ್ಲ ಬ್ರೌಸರಿನ ಒಳಗೇ ನಡೆಯುತ್ತದೆ. ಫೋಟೋಶಾಪಿನಂಥ ಕೆಲಸಕ್ಕೆ ಫೋಟೋಪಿಯಾ ಕೂಡ ಹಾಗೇ. ಆದರೆ ಪಿಡಿಎಫ್ ಜೋಡಿಸುವ, ಕುಗ್ಗಿಸುವ ಸೈಟುಗಳಲ್ಲಿ ಹೆಚ್ಚಿನವು ಫೈಲನ್ನು ಅವರ ಸರ್ವರಿಗೆ ತಗೊಳ್ಳುತ್ತವೆ. ಅಡುಗೆ ಪುಸ್ತಕವಾದರೆ ಪರವಾಗಿಲ್ಲ. ಆಧಾರ್, ಪಾನ್, ಆಸ್ತಿ ಪತ್ರ ಅಲ್ಲಿಗೆ ಹಾಕಬೇಡಿ. ಪಿಡಿಎಫ್‌ಸ್ಯಾಮ್ ಅಂತ ಉಚಿತ ತಂತ್ರಾಂಶ ಇದೆ, ಇಂಟರ್‌ನೆಟ್ ಇಲ್ಲದೆಯೂ ಪುಟ ಜೋಡಿಸುತ್ತದೆ, ಬೇರ್ಪಡಿಸುತ್ತದೆ. ಆಧಾರ್ ಕೊಡಲೇಬೇಕಾದ ಕಡೆ ಮೊದಲ ಎಂಟು ಅಂಕಿ ಮುಚ್ಚಿದ ಮಾಸ್ಕ್ಡ್ ಆಧಾರ್ ನಡೆಯುತ್ತದಾ ಕೇಳಿ, ಯುಐಡಿಎಐ ಸೈಟಿನಲ್ಲೇ ಸಿಗುತ್ತದೆ.

ಪ್ರಿಂಟರ್ ಬಗ್ಗೆ ಎರಡೇ ಮಾತು. ವಾರಕ್ಕೊಂದು ಪುಟವೂ ತೆಗೆಯದ ಮನೆಗೆ ಇಂಕಿನದ್ದು ಬೇಡ, ನಳಿಕೆ ಒಣಗಿ ಕಟ್ಟಿಕೊಳ್ಳುತ್ತದೆ. ಕಪ್ಪು ಬಿಳುಪಿನ ಲೇಸರ್ ತಗೊಳ್ಳಿ, ಟೋನರ್ ಅನ್ನುವುದು ಪುಡಿ, ಆರು ತಿಂಗಳು ಬಿಟ್ಟು ಆನ್ ಮಾಡಿದರೂ ಪ್ರಿಂಟ್ ಬರುತ್ತದೆ. ಮಕ್ಕಳ ಪ್ರಾಜೆಕ್ಟ್, ಬಣ್ಣದ ಪುಟ ಜಾಸ್ತಿ ಅಂದರೆ ಮಾತ್ರ ಇಂಕ್ ಟ್ಯಾಂಕ್.

ಕರೆಂಟು ಮತ್ತು ಸಿಡಿಲಿನ ವಿಷಯವನ್ನು ಮಲೆನಾಡಿನವರು ಓದಲೇಬೇಕು. ಏಪ್ರಿಲ್ ಮೇ ತಿಂಗಳ ಸಂಜೆ ಮಳೆಗೆ ನಮ್ಮ ಮನೆಯಲ್ಲಿ ಎರಡು ಮೋಡೆಮ್ ಸುಟ್ಟಿವೆ, ಆಗ ತಾಮ್ರದ ಫೋನ್ ತಂತಿ ಇತ್ತು, ಸಿಡಿಲು ಅದರೊಳಗೇ ಬರುತ್ತಿತ್ತು. ಈಗ ಫೈಬರ್ ಬಂದಿದೆ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ, ಆ ದಾರಿ ಮುಚ್ಚಿತು. ಆದರೆ ರೂಟರಿನ ಅಡಾಪ್ಟರ್ ಪ್ಲಗ್ಗಿನಲ್ಲೇ ಇರುತ್ತದಲ್ಲ, ಆ ದಾರಿ ತೆರೆದೇ ಇದೆ. ಮೋಡ ಗುಡುಗಿದ ತಕ್ಷಣ ಪ್ಲಗ್ ಕಿತ್ತಿಡಿ, ಸ್ವಿಚ್ ಆರಿಸಿದರೆ ಸಾಲದು. ರೂಟರಿನಿಂದ ಕಂಪ್ಯೂಟರಿಗೆ ಲ್ಯಾನ್ ಕೇಬಲ್ ಇದ್ದರೆ ಅದನ್ನೂ ಕಿತ್ತಿಡಿ, ಅದು ತಾಮ್ರ. ಸ್ಪೈಕ್ ಗಾರ್ಡ್ ಇದೆ ಅಂತ ಧೈರ್ಯ ಮಾಡಬೇಡಿ, ಅದು ಹೆಚ್ಚಾದ ವಿದ್ಯುತ್ತನ್ನು ಅರ್ಥಿಂಗಿಗೆ ತಳ್ಳಬೇಕು, ಮನೆಯಲ್ಲಿ ಅರ್ಥಿಂಗ್ ಸರಿ ಇಲ್ಲದಿದ್ದರೆ ಅದಾದರೂ ಎಲ್ಲಿಗೆ ತಳ್ಳೀತು? ಕಂಪ್ಯೂಟರ್ ಡಬ್ಬ ಮುಟ್ಟಿದರೆ ಕೈ ಜುಮ್ ಅನ್ನುತ್ತಿದ್ದರೆ ಮೊದಲು ಎಲೆಕ್ಟ್ರಿಷಿಯನ್ ಕರೆಸಿ.

ಕರೆಂಟ್ ಹೋದಾಗ ಲ್ಯಾಪ್‌ಟಾಪ್ ತನ್ನ ಬ್ಯಾಟರಿಯಲ್ಲಿ ನಡೆಯುತ್ತದೆ, ನಿಲ್ಲುವುದು ಇಂಟರ್‌ನೆಟ್. ಅದಕ್ಕೆ ರೂಟರ್ ಯುಪಿಎಸ್ ಅಂತ ಅಂಗೈ ಅಗಲದ್ದು ಸಿಗುತ್ತದೆ. ನಿಮ್ಮ ಅಡಾಪ್ಟರಿನ ಮೇಲೆ 12 ವೋಲ್ಟ್ ಅಂತ ಇದೆಯಾ, ಎಷ್ಟು ಆಂಪಿಯರ್ ಅಂತ ಓದಿಕೊಂಡು ಅದಕ್ಕೆ ಸರಿಹೊಂದುವುದನ್ನೇ ತಗೊಳ್ಳಿ, ಕೆಲವು ರೂಟರ್ 9 ವೋಲ್ಟಿನವು. ಡೆಸ್ಕ್‌ಟಾಪಿಗೆ 600 ವಿಎ ಯುಪಿಎಸ್ ಸಾಕು, ಕೆಲಸ ಸೇವ್ ಮಾಡಿ ಆರಿಸುವಷ್ಟು ಹೊತ್ತು ತಡೆಯುತ್ತದೆ. ಲೇಸರ್ ಪ್ರಿಂಟರನ್ನು ಮಾತ್ರ ಯುಪಿಎಸ್‌ಗೆ ಸಿಕ್ಕಿಸಬೇಡಿ, ಅದರೊಳಗಿನ ಹೀಟರ್ ಒಮ್ಮೆಲೇ ಬಹಳ ಎಳೆಯುತ್ತದೆ.

ಕೊನೆಗೆ ಬ್ಯಾಕಪ್. ಇದನ್ನು ಮೊದಲೇ ಬರೆಯಬೇಕಿತ್ತು.

ಕೆಲವು ವರ್ಷದ ಹಿಂದೆ ನನ್ನ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಟಿಕ್ ಟಿಕ್ ಅನ್ನಲು ಶುರು ಮಾಡಿತು. ಎರಡು ದಿನದಲ್ಲಿ ನಿಂತಿತು. ಫೋಟೋಗಳೆಲ್ಲ ಅದರಲ್ಲೇ ಇದ್ದವು, ಬೇರೆಲ್ಲೂ ಇರಲಿಲ್ಲ. ರಿಕವರಿಗೆ ಕೊಟ್ಟೆ, ಅರ್ಧದಷ್ಟು ವಾಪಸ್ ಬಂದವು. ಅಜ್ಜಿಯ ಕೊನೆಯ ದೀಪಾವಳಿಯ ಫೋಟೋಗಳು ಬರಲಿಲ್ಲ. ಅಮ್ಮ ಈಗಲೂ ಒಮ್ಮೊಮ್ಮೆ ಕೇಳುತ್ತಾರೆ, ಅಂಗಳದಲ್ಲಿ ದೀಪ ಹಚ್ಚುತ್ತಿದ್ದದ್ದು ಇತ್ತಲ್ಲ ಅಂತ. ಹಾರ್ಡ್ ಡಿಸ್ಕಿನಲ್ಲಿ ಹಾಕಿದ್ದೇನೆ ಅಂದರೆ ಬ್ಯಾಕಪ್ ಆಯಿತು ಅಂತ ನಾನು ತಿಳಿದಿದ್ದೆ. ಮೊಬೈಲಿನಿಂದ ಅಳಿಸಿ ಡಿಸ್ಕಿಗೆ ಹಾಕಿದರೆ ಅದು ಬ್ಯಾಕಪ್ ಅಲ್ಲ, ಜಾಗ ಬದಲಿಸಿದ್ದು. ಒಂದೇ ಕಾಪಿ ಇರುವುದು.

ಈಗ ಮೂರು ಕಾಪಿ ಇಡುತ್ತೇನೆ. ಒಂದು ಲ್ಯಾಪ್‌ಟಾಪಿನಲ್ಲಿ. ಇನ್ನೆರಡು ಒಂದೇ ಅಳತೆಯ ಎರಡು ಹಾರ್ಡ್ ಡಿಸ್ಕಿನಲ್ಲಿ, ಒಂದು ಬೆಂಗಳೂರಿನಲ್ಲಿ, ಒಂದು ಊರಿನ ಮನೆಯಲ್ಲಿ. ಹಬ್ಬಕ್ಕೆ ಊರಿಗೆ ಹೋಗುವಾಗ ಇಲ್ಲಿನದನ್ನು ಹೊಸ ಫೋಟೋ ತುಂಬಿಸಿ ತಗೊಂಡು ಹೋಗುತ್ತೇನೆ, ಅಲ್ಲಿನದನ್ನು ತರುತ್ತೇನೆ. ಫ್ರೀಫೈಲ್‌ಸಿಂಕ್ ಎಂಬ ತಂತ್ರಾಂಶ ಯಾವುದು ಹೊಸದು ಅಂತ ತಾನೇ ನೋಡಿ ಅಷ್ಟನ್ನೇ ಕಾಪಿ ಮಾಡುತ್ತದೆ. ಗೂಗಲ್ ಫೋಟೋಸ್ 2021ರ ಜೂನ್‌ವರೆಗೆ ಲೆಕ್ಕವಿಲ್ಲದೆ ಇಡಲು ಬಿಡುತ್ತಿತ್ತು, ಈಗ ಮೇಲ್, ಡ್ರೈವ್ ಎಲ್ಲ ಸೇರಿ 15 ಜಿಬಿ, ಹಾಗಾಗಿ ಅದರಲ್ಲಿ ಬಹಳ ಮುಖ್ಯವಾದದ್ದು ಮಾತ್ರ. ಕಪಾಟಿನಲ್ಲಿ ಇಡುವ ಕಾಪಿಗೆ ಎಸ್‌ಎಸ್‌ಡಿ ಬೇಡ, ಹಳೆ ಥರದ ಹಾರ್ಡ್ ಡಿಸ್ಕೇ ಸರಿ. ವರ್ಷಗಟ್ಟಲೆ ಕರೆಂಟ್ ಕೊಡದೆ ಇಟ್ಟರೆ ಎಸ್‌ಎಸ್‌ಡಿಯಲ್ಲಿ ಬರೆದದ್ದು ಮಾಸಬಹುದು. ಮಳೆಗಾಲದಲ್ಲಿ ನಮ್ಮ ಕಡೆ ಚಪ್ಪಲಿ, ಬೆಲ್ಟಿಗೂ ಬೂಸ್ಟು ಹಿಡಿಯುತ್ತದೆ, ಹಾಗಾಗಿ ಊರಿನ ಡಿಸ್ಕು ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇರುತ್ತದೆ. ವಾಟ್ಸಾಪಿನಲ್ಲಿ ಬಂದ ಫೋಟೋ ಕುಗ್ಗಿರುತ್ತದೆ, ಮನೆಯವರಿಂದ ಫೋಟೋ ತರಿಸುವಾಗ ಡಾಕ್ಯುಮೆಂಟ್ ರೂಪದಲ್ಲಿ ಕಳಿಸಲು ಹೇಳಿ. ಮತ್ತೆ, ಐನೂರು ರೂಪಾಯಿಗೆ 2 ಟಿಬಿ ಪೆನ್‌ಡ್ರೈವ್ ಅಂತ ಕಂಡರೆ ಮುಟ್ಟಬೇಡಿ. ಒಳಗೆ ಇರುವ ಜಾಗ ಬಹಳ ಚಿಕ್ಕದು, ತುಂಬಿದ ಮೇಲೆ ಹೊಸದು ಹಳೆಯದನ್ನು ಅಳಿಸುತ್ತಾ ಹೋಗುತ್ತದೆ, ಹೊರಗೆ ಗೊತ್ತೇ ಆಗುವುದಿಲ್ಲ. ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸಿನಲ್ಲಿ ಎಫ್3, ಇವು ಪೂರ್ತಿ ಬರೆದು ಓದಿ ನಿಜ ಹೇಳುತ್ತವೆ. ಹೊಸ ಪೆನ್‌ಡ್ರೈವ್ ಯಾವುದೇ ಬರಲಿ, ಮೊದಲ ದಿನ ಈ ಪರೀಕ್ಷೆ ಮಾಡಿಯೇ ಬಳಸುತ್ತೇನೆ.

ದೂರದಿಂದ ಅಪ್ಪನ ಲ್ಯಾಪ್‌ಟಾಪ್ ನೋಡಲು ರಸ್ಟ್‌ಡೆಸ್ಕ್ ಹಾಕಿದ್ದೇನೆ. ಅದನ್ನು ತೆರೆಯುವುದು ನಾನು ಫೋನ್ ಮಾಡಿ ಹೇಳಿದಾಗ ಮಾತ್ರ. ಬ್ಯಾಂಕಿನಿಂದ, ಪೊಲೀಸಿನಿಂದ ಅಂತ ಹೇಳಿ ಯಾರೇ ಇಂಥದ್ದನ್ನು ತೆರೆಯಿರಿ, ನಂಬರ್ ಓದಿ ಹೇಳಿ ಅಂದರೂ ಫೋನ್ ಇಟ್ಟುಬಿಡಬೇಕು ಅಂತ ಒಂದು ಚೀಟಿ ಬರೆದು ಪರದೆಯ ಕೆಳಗೆ ಅಂಟಿಸಿದ್ದೇನೆ. ಕಳೆದ ಭಾನುವಾರ ಅದರಲ್ಲೇ ಕೂತು ಅಪ್ಪನ ಲೆಕ್ಕದ ಹಾಳೆಗೆ ಹೊಸ ಕಾಲಂ ಸೇರಿಸಿಕೊಟ್ಟೆ. ಅಮ್ಮ ಹಿಂದಿನಿಂದ, "ಹಾಡಿನ ಫೈಲಲ್ಲಿ ಇನ್ನೂ ಎರಡು ಸೇರಿಸಬೇಕು, ನೆನಪಾಯ್ತು, ಬರೆದುಕೋ" ಅಂದರು.